ಹಾಸಿಗೆ ಹಿಡಿದವರ ಆರೈಕೆ ಮತ್ತು ಕ್ರೈಸ್ತ ವಿಶ್ವಾಸ: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯಲ್ಲಿ ಕಾಯಿಲೆಯವರನ್ನು ನೋಡಿಕೊಳ್ಳುವವರ ಪ್ರಶ್ನೆಗಳು ಎರಡು ಬಗೆಯವು. ಹೇಗೆ ಎತ್ತಬೇಕು, ಏನು ತಿನ್ನಿಸಬೇಕು ಎನ್ನುವುದು ಒಂದು. ದೇವರು ಇದನ್ನೆಲ್ಲ ನೋಡುತ್ತಿದ್ದಾನೆಯೇ ಎನ್ನುವುದು ಇನ್ನೊಂದು. ರಾತ್ರಿ ಎರಡು ಗಂಟೆಗೆ ಒದ್ದೆ ಬೆಡ್‌ಶೀಟ್ ಬದಲಿಸುವಾಗ ಎರಡೂ ಒಟ್ಟಿಗೇ ಬರುತ್ತವೆ. ಹಾಗಾಗಿ ಇಲ್ಲಿಯೂ ಅವನ್ನು ಬೇರೆ ಮಾಡಿಲ್ಲ. ಕೊಡಗಿನ ಮಡಿಕೇರಿ, ವಿರಾಜಪೇಟೆಯಂಥ ಪೇಟೆಗಳಲ್ಲಿರುವವರು, ಸಿದ್ದಾಪುರ, ಸುಂಟಿಕೊಪ್ಪದ ಕಡೆಯ ತೋಟದ ಲೈನ್ ಮನೆಗಳಲ್ಲಿ (ಕಾರ್ಮಿಕರ ಸಾಲು ಮನೆಗಳಲ್ಲಿ) ಇರುವವರು, ಕಥೋಲಿಕರು, ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ, ಪ್ರೊಟೆಸ್ಟಂಟ್) ಸಭೆಯವರು ಎಲ್ಲರನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇವೆ. ಆಚರಣೆ ಬೇರೆಯಾಗುವ ಕಡೆ ಹೇಳಿದ್ದೇವೆ.

ಆರೈಕೆ ಒಂದು ಒಳ್ಳೆಯ ಕೆಲಸ, ಅಷ್ಟೇ ತಾನೇ? ಅದಕ್ಕೆ ಆಧ್ಯಾತ್ಮಿಕ ಅರ್ಥ ಎಲ್ಲಿಂದ ಬಂತು?

ಮತ್ತಾಯನ 25ನೇ ಅಧ್ಯಾಯದಿಂದ. ಕಡೆಯ ತೀರ್ಪಿನ ದಿನ ಅರಸನು ಕೇಳುವುದು ಆರು ವಿಷಯ: ಹಸಿದವನಿಗೆ ಊಟ, ಬಾಯಾರಿದವನಿಗೆ ನೀರು, ಪರದೇಶಿಗೆ ಆಸರೆ, ಬಟ್ಟೆ ಇಲ್ಲದವನಿಗೆ ಬಟ್ಟೆ, ರೋಗಿಯ ಆರೈಕೆ, ಸೆರೆಯಲ್ಲಿದ್ದವನ ಭೇಟಿ. ಇವರಿಗೆ ಮಾಡಿದ್ದು ನನಗೇ ಮಾಡಿದ್ದು ಎನ್ನುತ್ತಾನೆ. ಆ ಮಾತಿನಲ್ಲಿ ಹಲವರು ಗಮನಿಸದ ಒಂದು ಅಂಶವಿದೆ. ಸೇವೆ ಮಾಡಿದವರಿಗೇ ಅದು ಗೊತ್ತಿರಲಿಲ್ಲ. 'ನಿನ್ನನ್ನು ಯಾವಾಗ ನೋಡಿದೆವು?' ಎಂದು ಅವರೇ ಕೇಳುತ್ತಾರೆ. ಅಂದರೆ ಡೈಪರ್ ಬದಲಿಸುವಾಗ ಮನಸ್ಸಿನಲ್ಲಿ ಭಕ್ತಿ ತುಂಬಿರಬೇಕು, ಕ್ರಿಸ್ತನ ಮುಖ ಕಾಣಬೇಕು ಎಂಬ ಷರತ್ತು ಅಲ್ಲಿಲ್ಲ. ಏನೂ ಅನ್ನಿಸದೆ, ದಣಿದು, ನಿದ್ದೆಗಣ್ಣಿನಲ್ಲಿ ಮಾಡಿದ್ದೂ ಲೆಕ್ಕಕ್ಕೆ ಬರುತ್ತದೆ.

ನಮ್ಮ ಭಾಷೆಯಲ್ಲೂ ಒಂದು ಸುಳಿವಿದೆ. ಶುಶ್ರೂಷೆ ಎಂಬ ಪದದ ಮೂಲ ಅರ್ಥ 'ಕೇಳಿಸಿಕೊಳ್ಳಬೇಕೆಂಬ ಇಚ್ಛೆ'. ಮೊದಲು ಕಿವಿಗೊಡುವುದು, ಆಮೇಲೆ ಕೈಹಾಕುವುದು. ಮಾತು ಬಾರದ ರೋಗಿಯ ಹುಬ್ಬು ಗಂಟಿಕ್ಕುವುದನ್ನು ಗಮನಿಸಿ 'ನೋಯುತ್ತಿದೆಯಾ?' ಎಂದು ಕೇಳುವುದು ಅದೇ.

ಇದು ಬರೀ ಬೋಧನೆಯಾಗಿ ಉಳಿಯಲಿಲ್ಲ. ನಾಲ್ಕನೇ ಶತಮಾನದಲ್ಲಿ ಕೈಸರೈಯದ ಧರ್ಮಾಧ್ಯಕ್ಷ ಸಂತ ಬೆಸಿಲ್ ಬಡವರಿಗೆ, ಕುಷ್ಠರೋಗಿಗಳಿಗೆ, ದಾರಿಹೋಕರಿಗೆ ದೊಡ್ಡ ಆಶ್ರಯತಾಣ ಕಟ್ಟಿಸಿದರು. ಅದೇ ಶತಮಾನದ ಕೊನೆಯ ಹೊತ್ತಿಗೆ ರೋಮಿನಲ್ಲಿ ಫಬಿಯೋಲ ಎಂಬ ಶ್ರೀಮಂತ ಮಹಿಳೆ ಆಸ್ಪತ್ರೆ ತೆರೆದು ತಾನೇ ಹುಣ್ಣುಗಳನ್ನು ತೊಳೆಯುತ್ತಿದ್ದಳು.

ಒಳ್ಳೆಯ ಸಮಾರ್ಯದವನ ಹಾಗೆ ಎಲ್ಲವನ್ನೂ ನಾನೇ ಮಾಡಬೇಕಲ್ಲವೇ? ಬೇರೆಯವರಿಗೆ ಒಪ್ಪಿಸಿದರೆ ಕೈಬಿಟ್ಟ ಹಾಗೆ ಆಗುವುದಿಲ್ಲವೇ?

ಲೂಕನ 10ನೇ ಅಧ್ಯಾಯವನ್ನು ನಿಧಾನವಾಗಿ ಓದಿ. ಸಮಾರ್ಯದವನು ದಾರಿಯಲ್ಲಿ ಗಾಯಗೊಂಡು ಬಿದ್ದಿದ್ದವನ ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹಾಕಿ ಕಟ್ಟಿದ. ತನ್ನ ಪ್ರಾಣಿಯ ಮೇಲೆ ಕೂರಿಸಿಕೊಂಡು ಛತ್ರಕ್ಕೆ ಕರೆದೊಯ್ದ. ಆ ರಾತ್ರಿ ತಾನೇ ನೋಡಿಕೊಂಡ. ಮರುದಿನ? ಎರಡು ದಿನಾರಿ ತೆಗೆದು ಛತ್ರದವನ ಕೈಗಿಟ್ಟು, ಹೆಚ್ಚು ಖರ್ಚಾದರೆ ಹಿಂದಿರುಗಿ ಬಂದಾಗ ಕೊಡುತ್ತೇನೆ ಎಂದು ಹೇಳಿ ತನ್ನ ದಾರಿ ಹಿಡಿದ. ಒಂದು ದಿನಾರಿ ಅಂದರೆ ಅಂದಿನ ಕೂಲಿಯವನ ಒಂದು ದಿನದ ಸಂಬಳ. ಯೇಸುಸ್ವಾಮಿ 'ಹೋಗಿ ನೀನೂ ಹಾಗೆ ಮಾಡು' ಎಂದದ್ದು ಈ ಇಡೀ ಕತೆಗೆ, ಅದರ ಎರಡನೇ ದಿನವೂ ಸೇರಿ. ಒಪ್ಪಿಸುವುದು, ಹಣ ಕೊಡುವುದು, ಮತ್ತೆ ಬಂದು ವಿಚಾರಿಸುವುದು ಆರೈಕೆಯ ಭಾಗವೇ. ಕೈಬಿಡುವುದಕ್ಕೂ ಒಪ್ಪಿಸುವುದಕ್ಕೂ ನಡುವೆ ಇರುವುದು 'ಹಿಂದಿರುಗಿ ಬರುತ್ತೇನೆ' ಎಂಬ ಮಾತು. ಆರೈಕೆ ಮಾಡುವವರು ಮೊದಲು ಕಲಿಯಬೇಕಾದ ಪಾಠ ಇದೇ ಎಂದು ನಾವು ನಂಬುತ್ತೇವೆ.

ಒಪ್ಪಿಸುವಾಗ ಎಡವುವುದು ಸಾಮಾನ್ಯವಾಗಿ ಒಂದೇ ಕಾರಣಕ್ಕೆ: ವಿಷಯವೆಲ್ಲ ನಿಮ್ಮ ತಲೆಯಲ್ಲಿ ಮಾತ್ರ ಇರುತ್ತದೆ. ಒಂದು ಹಾಳೆಯಲ್ಲಿ ಬರೆದು ಮಂಚದ ಪಕ್ಕದ ಗೋಡೆಗೆ ಅಂಟಿಸಿ. ಮಾತ್ರೆಯ ಹೆಸರು, ಹೊತ್ತು, ಊಟಕ್ಕೆ ಮುಂಚೆಯೋ ಆಮೇಲೆಯೋ. ಕೊನೆಯ ಬಾರಿ ಮಗ್ಗುಲು ಬದಲಿಸಿದ್ದು, ಮೂತ್ರ ಹೋದದ್ದು, ಮಲ ಹೋದದ್ದು ಯಾವಾಗ. ಯಾವ ಊಟ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಯಾವ ಕಡೆ ಮಲಗಿದರೆ ನೋವು. ಡಾಕ್ಟರ ನಂಬರ್, ಹತ್ತಿರದ ಆಟೋ ಅಥವಾ ಜೀಪಿನವರ ನಂಬರ್. ತೋಟದೊಳಗಿನ ಮನೆಯಾದರೆ 108 ಆಂಬುಲೆನ್ಸ್ ಗೇಟಿನವರೆಗೆ ಬರುತ್ತದೆಯೇ, ಅಂಗಳದವರೆಗೋ ಎಂಬುದನ್ನೂ ಬರೆದಿಡಿ.

ಈ ಕೆಲಸವನ್ನು ನಾನು ಆರಿಸಿಕೊಂಡದ್ದಲ್ಲ. ಸೊಸೆಯಾಗಿ ಬಂದೆ, ತಲೆಗೆ ಬಿತ್ತು. ಇಷ್ಟವಿಲ್ಲದೆ ಮಾಡಿದರೂ ದೇವರು ಮೆಚ್ಚುತ್ತಾನೆಯೇ?

ಕುರೇನಿನ ಸೀಮೋನನೂ ಶಿಲುಬೆಯನ್ನು ತಾನಾಗಿ ಹೊರಲಿಲ್ಲ. ಹೊಲದ ಕಡೆಯಿಂದ ಬರುತ್ತಿದ್ದವನನ್ನು ಸೈನಿಕರು ಬಿಟ್ಟಿ ಹಿಡಿದರು (ಮಾರ್ಕ 15:21). ಆದರೂ ಯೇಸುವಿಗೆ ಆ ದಾರಿಯಲ್ಲಿ ಹೆಗಲು ಕೊಟ್ಟವನು ಅವನೊಬ್ಬನೇ. ಸುವಾರ್ತೆ ಅವನ ಹೆಸರನ್ನಷ್ಟೇ ಅಲ್ಲ, ಅವನ ಮಕ್ಕಳಾದ ಅಲೆಕ್ಸಾಂದರ, ರೂಫರ ಹೆಸರನ್ನೂ ಉಳಿಸಿಕೊಂಡಿದೆ. ಇಷ್ಟವಿಲ್ಲದೆ ಶುರುವಾದ ಸೇವೆಯನ್ನು ದೇವರು ತಳ್ಳಿಹಾಕುವುದಿಲ್ಲ.

ಆದರೆ ಈ ಮಾತು ಸೊಸೆಯ ಬಾಯಿ ಮುಚ್ಚಿಸುವುದಕ್ಕಲ್ಲ. ಬಿಟ್ಟಿ ಹಿಡಿದವರು ಮಾಡಿದ್ದು ಸರಿ ಎಂದು ಸುವಾರ್ತೆ ಎಲ್ಲೂ ಹೇಳುವುದಿಲ್ಲ. ಹೊರೆ ಒಬ್ಬರ ಮೇಲೇ ಬಿದ್ದಿದ್ದರೆ ಅದನ್ನು ಹಂಚಲು ಕೇಳುವ ಹಕ್ಕು ನಿಮಗಿದೆ. ಅದರ ಬಗ್ಗೆ ಕೆಳಗೆ ಬರೆದಿದ್ದೇವೆ.

ಕೆಲವೊಮ್ಮೆ ಕೋಪ ತಡೆಯಲಾಗದೆ ಕೂಗಿಬಿಡುತ್ತೇನೆ. 'ಬೇಗ ಹೋಗಬಾರದೇ' ಎಂದೂ ಅನ್ನಿಸುತ್ತದೆ. ಇದು ಪಾಪವೇ?

ಅನ್ನಿಸುವುದು ಪಾಪವಲ್ಲ. ಅವರ ನೋವು ಮುಗಿಯಲಿ, ನನ್ನ ದಣಿವೂ ಮುಗಿಯಲಿ ಎಂಬ ಆಸೆ ಮನುಷ್ಯರಿಗೆ ಸಹಜ. ಅದನ್ನು ದೇವರ ಮುಂದೆ ಹಾಗೆಯೇ ಹೇಳಬಹುದು. 88ನೇ ಕೀರ್ತನೆ ಕೊನೆಯವರೆಗೂ ಗೋಳೇ. ಬೆಳಕಿನ ಮಾತಿಲ್ಲದೆ, ಕತ್ತಲೆಯಲ್ಲೇ ಮುಗಿಯುತ್ತದೆ. ಅಂಥ ಪ್ರಾರ್ಥನೆಗೂ ಸತ್ಯವೇದದಲ್ಲಿ ಜಾಗವಿದೆ ಎಂದ ಮೇಲೆ ನಿಮ್ಮ ಪ್ರಾರ್ಥನೆಗೂ ಇದೆ.

ಮಾಡುವುದು ಬೇರೆ ಮಾತು. ಜೋರಾಗಿ ಎಳೆಯುವುದು, ಹೊಡೆಯುವುದು, ಬೇಕೆಂದೇ ಊಟ ತಡಮಾಡುವುದು, ಅವಮಾನ ಮಾಡುವ ಮಾತು ಇವು ತಪ್ಪೇ. ಆದರೆ ಇವುಗಳ ಹಿಂದೆ ಹೆಚ್ಚಾಗಿ ಇರುವುದು ಕೆಟ್ಟತನವಲ್ಲ, ನಿದ್ದೆಗೇಡು. ಕೈ ನಡುಗುವಷ್ಟು ಸಿಟ್ಟು ಬಂದಾಗ ಹೀಗೆ ಮಾಡಿ: ರೋಗಿಯನ್ನು ಮಗ್ಗುಲಿಗೆ ಮಲಗಿಸಿ, ಉರುಳಿ ಬೀಳದಂತೆ ದಿಂಬು ಇಡಿ, ಬಾಯಿಯಲ್ಲಿ ಊಟ ಉಳಿದಿಲ್ಲವೆಂದು ನೋಡಿ, ಅಂಗಳಕ್ಕೆ ಹೋಗಿ ಹತ್ತು ನಿಮಿಷ ನಿಲ್ಲಿ. ಶೀಟ್ ಹತ್ತು ನಿಮಿಷ ಒದ್ದೆ ಇದ್ದರೆ ಏನೂ ಆಗುವುದಿಲ್ಲ.

ಎಲೀಯನು ಸಾಯಬೇಕೆಂದು ಮರದ ಕೆಳಗೆ ಮಲಗಿಬಿಟ್ಟಾಗ ದೇವದೂತನು ಉಪದೇಶ ಮಾಡಲಿಲ್ಲ. ರೊಟ್ಟಿ, ನೀರು ಕೊಟ್ಟು ಎಬ್ಬಿಸಿದ. ಅವನು ತಿಂದು ಮತ್ತೆ ಮಲಗಿದ. ಎರಡನೇ ಸಲವೂ ಊಟಕ್ಕೇ ಎಬ್ಬಿಸಿದ (1 ಅರಸುಗಳು 19). ದೇವರು ಮಾತಾಡಿದ್ದು ಅದೆಲ್ಲ ಆದ ಮೇಲೆ. ನಿಮಗೂ ಮೊದಲು ಬೇಕಾದದ್ದು ನಾಲ್ಕೈದು ತಾಸು ಎಡೆಬಿಡದ ನಿದ್ದೆ ಇರಬಹುದು. ಎರಡು ವಾರಕ್ಕೂ ಹೆಚ್ಚು ಕಾಲ ನಿದ್ದೆ ಬಾರದೆ, ಊಟ ಸೇರದೆ, ಯಾವುದರಲ್ಲೂ ಮನಸ್ಸಿಲ್ಲದೆ ಇದ್ದರೆ ಡಾಕ್ಟರಿಗೆ ತೋರಿಸಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ಕೈ ಮಾಡಿಬಿಟ್ಟಿದ್ದರೆ ಗುರುಗಳ (ಪಾದ್ರಿಗಳ) ಬಳಿ ಪಾಪನಿವೇದನೆ ಮಾಡುವುದರ ಜೊತೆಗೆ ಮನೆಯಲ್ಲಿ ಇನ್ನೊಬ್ಬರಿಗೂ ಹೇಳಿ. ಕ್ಷಮೆ ಸಿಕ್ಕರೂ ದಣಿವು ಹಾಗೆಯೇ ಉಳಿದರೆ ಅದೇ ಮತ್ತೆ ನಡೆಯುತ್ತದೆ.

ತಿಂಗಳುಗಟ್ಟಲೆ ಭಾನುವಾರದ ಪೂಜೆಗೆ ಹೋಗಲಾಗುತ್ತಿಲ್ಲ. ಏನು ಮಾಡಲಿ?

ಕಥೋಲಿಕ ಧರ್ಮಸಭೆಯ ಬೋಧನೆಯಲ್ಲಿ ಕಾಯಿಲೆ, ಶಿಶುಗಳ ಆರೈಕೆಯಂಥ ಗಂಭೀರ ಕಾರಣವಿದ್ದರೆ ಭಾನುವಾರದ ಬಲಿಪೂಜೆಯ ಕಡ್ಡಾಯದಿಂದ ವಿನಾಯಿತಿ ಇದೆ. ಬಿಟ್ಟುಹೋಗಲಾಗದ ರೋಗಿಯಿದ್ದರೆ ನೀವು ಅಪರಾಧಿಯಲ್ಲ. ಇನ್ನೊಂದು ಸಂಗತಿ ಬಹಳ ಮಂದಿಗೆ ಗೊತ್ತಿಲ್ಲ. ಪರಮಪ್ರಸಾದಕ್ಕೆ (ಬಲಿಪೂಜೆಯಲ್ಲಿ ಕ್ರಿಸ್ತನ ಶರೀರವೆಂದು ಸ್ವೀಕರಿಸುವ ರೊಟ್ಟಿಗೆ) ಮುಂಚೆ ಒಂದು ತಾಸು ಏನೂ ತಿನ್ನಬಾರದು ಎಂಬ ನಿಯಮ ವೃದ್ಧರಿಗೂ ರೋಗಿಗಳಿಗೂ ಅನ್ವಯಿಸುವುದಿಲ್ಲ, ಅವರನ್ನು ನೋಡಿಕೊಳ್ಳುವವರಿಗೂ ಅನ್ವಯಿಸುವುದಿಲ್ಲ (ಧರ್ಮಸಭೆಯ ಕಾನೂನು 919). ನಿಮ್ಮನ್ನು ಹೆಸರಿಸಿಯೇ ಬರೆದ ವಿನಾಯಿತಿ ಅದು. ತಪಸ್ಸುಕಾಲದ (ಈಸ್ಟರ್ ಹಬ್ಬಕ್ಕೆ ಮುಂಚಿನ ದಿನಗಳ) ಉಪವಾಸದ ಕಟ್ಟಳೆಯೂ 18ರಿಂದ 59 ವಯಸ್ಸಿನ ಆರೋಗ್ಯವಂತರಿಗೆ ಮಾತ್ರ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರು ಹಟದಿಂದ ಉಪವಾಸ ಮಾಡಿ ತಲೆತಿರುಗಿ ಬೀಳುವುದು ಭಕ್ತಿಯಲ್ಲ.

ಸಿ.ಎಸ್.ಐ. ಸಭೆಯವರು ಕರ್ತನ ಭೋಜನವನ್ನು ಮನೆಗೆ ತರುವಂತೆ ಸಭಾಪಾಲಕರನ್ನು ಕೇಳಿಕೊಳ್ಳಬಹುದು. ಕೇಳದಿದ್ದರೆ ಅವರಿಗೆ ಗೊತ್ತಾಗುವುದಿಲ್ಲ, ಅಷ್ಟೇ. ತಿಂಗಳಿಗೊಮ್ಮೆಯಾದರೂ ಯಾರಾದರೂ ಮನೆಯಲ್ಲಿ ಕೂತು ನಿಮ್ಮನ್ನು ಆರಾಧನೆಗೆ ಕಳಿಸುವ ಏರ್ಪಾಡು ಮಾಡಿಕೊಳ್ಳಿ. ಅದು ನಿಮ್ಮ ಸಲುವಾಗಿಯೂ ಬೇಕು.

ಮನೆಗೆ ಪರಮಪ್ರಸಾದ ತರುವಾಗ ಏನೇನು ಸಿದ್ಧ ಮಾಡಬೇಕು?

ಒಂದು ಚಿಕ್ಕ ಮೇಜು, ಒಗೆದ ಬಿಳಿ ಬಟ್ಟೆ, ಶಿಲುಬೆ, ಮೇಣದ ಬತ್ತಿ, ಒಂದು ಲೋಟ ನೀರು, ಚಮಚ. ಟಿ.ವಿ. ಆರಿಸಿ. ರೋಗಿಯ ಬಾಯಿಯನ್ನು ಮೊದಲೇ ಒದ್ದೆ ಬಟ್ಟೆಯಿಂದ ಒರೆಸಿ, ಹಲ್ಲು ಸೆಟ್ ಇದ್ದರೆ ಹಾಕಿ, ದಿಂಬು ಕೊಟ್ಟು ನೆಟ್ಟಗೆ ಕೂರಿಸಿ.

ಎರಡು ಎಚ್ಚರಿಕೆ. ಮನೆಯಲ್ಲಿ ಆಮ್ಲಜನಕದ ಸಿಲಿಂಡರ್ ಅಥವಾ ಕಾನ್ಸಂಟ್ರೇಟರ್ (ಗಾಳಿಯಿಂದ ಆಮ್ಲಜನಕ ತೆಗೆಯುವ ಯಂತ್ರ) ಇದ್ದರೆ ಆ ಕೋಣೆಯಲ್ಲಿ ಮೇಣದ ಬತ್ತಿ ಹಚ್ಚಲೇಬೇಡಿ. ಆಮ್ಲಜನಕ ಹಾಸಿಗೆ, ಕೂದಲು, ಬಟ್ಟೆಗಳಲ್ಲಿ ಹಿಡಿದಿರುತ್ತದೆ. ಒಂದು ಕಿಡಿ ಸಾಕು, ಕ್ಷಣದಲ್ಲಿ ಹೊತ್ತಿಕೊಳ್ಳುತ್ತದೆ. ಮೂಗಿಗೆ, ತುಟಿಗೆ ಎಣ್ಣೆ, ವ್ಯಾಸಲೀನ್ ಹಚ್ಚುವುದೂ ಬೇಡ. ಬ್ಯಾಟರಿ ದೀಪ ಇಟ್ಟರೆ ಪ್ರಾರ್ಥನೆಗೆ ಏನೂ ಕಡಿಮೆಯಾಗುವುದಿಲ್ಲ.

ಎರಡನೆಯದು ನುಂಗುವುದು. ಸ್ಟ್ರೋಕ್ ಆದವರಿಗೆ ಒಣ ರೊಟ್ಟಿ ಅಂಗುಳಿಗೆ ಅಂಟಿಕೊಂಡು ಕೆಮ್ಮು ಬರುತ್ತದೆ. ಅಂಥವರಿಗೆ ಅಕ್ಕಿಕಾಳಿನಷ್ಟು ಚೂರು ಸಾಕು, ಆ ಚೂರಿನಲ್ಲೂ ಕ್ರಿಸ್ತನು ಪೂರ್ಣವಾಗಿಯೇ ಇರುತ್ತಾನೆ. ಒಂದು ಚಮಚ ನೀರಿನ ಜೊತೆ ಕೊಡಿಸಿ, ಗದ್ದವನ್ನು ಎದೆಯ ಕಡೆಗೆ ಸ್ವಲ್ಪ ಬಾಗಿಸಿ ನುಂಗಲು ಹೇಳಿ. ನೀರು ಕುಡಿದರೂ ಕೆಮ್ಮುವವರಾದರೆ ಅದನ್ನು ಮೊದಲೇ ಗುರುಗಳಿಗೆ ಫೋನಿನಲ್ಲಿ ತಿಳಿಸಿ. ಗಟ್ಟಿ ಪದಾರ್ಥ ನುಂಗಲಾಗದವರಿಗೆ ದ್ರಾಕ್ಷಾರಸದ ರೂಪದಲ್ಲಿ ಮಾತ್ರ ಕೊಡಲು ಧರ್ಮಸಭೆಯಲ್ಲಿ ಅವಕಾಶವಿದೆ. ಏನನ್ನೂ ನುಂಗಲಾಗದ ಸ್ಥಿತಿಯಲ್ಲಿ ಮನಸ್ಸಿನಲ್ಲೇ ಸ್ವೀಕರಿಸುವ ಪ್ರಾರ್ಥನೆ ಹೇಳಿಸಬಹುದು. ಬಲವಂತ ಬೇಡ.

ರೋಗಿಯ ಪಕ್ಕದಲ್ಲಿರುವ ನೀವೂ ಅದೇ ಹೊತ್ತಿಗೆ ಸ್ವೀಕರಿಸಬಹುದು. ಬಹಳ ಸಲ ನೋಡಿಕೊಳ್ಳುವವರು ಅಡುಗೆಮನೆಯಲ್ಲಿ ಕಾಫಿ ಕಾಯಿಸುತ್ತಾ ಇದನ್ನು ಕಳೆದುಕೊಳ್ಳುತ್ತಾರೆ. ಕಾಫಿ ಆಮೇಲೆ ಮಾಡಿದರಾಯಿತು.

ರೋಗಿಗಳ ಅಭ್ಯಂಗ (ಗುರುಗಳು ಎಣ್ಣೆ ಹಚ್ಚಿ ಪ್ರಾರ್ಥಿಸುವ ಸಂಸ್ಕಾರ) ಮಾಡಿಸಿದರೆ 'ಇನ್ನು ಮುಗಿಯಿತು' ಎಂದು ಅರ್ಥವೇ?

ಅಲ್ಲ. ಈ ಭಯದಿಂದಲೇ ಎಷ್ಟೋ ಮನೆಯವರು ಪ್ರಜ್ಞೆ ತಪ್ಪಿದ ಮೇಲೆ ಗುರುಗಳನ್ನು ಕರೆಯುತ್ತಾರೆ. ರೋಗಿಗೆ ಪ್ರಾರ್ಥನೆ ಕೇಳಿಸಿಕೊಳ್ಳುವ, ಪಾಪನಿವೇದನೆ ಮಾಡುವ ಅವಕಾಶ ಆಗ ತಪ್ಪಿಹೋಗಿರುತ್ತದೆ. ಇದು ಸಾಯುವ ಗಳಿಗೆಯವರಿಗೆ ಮಾತ್ರವಲ್ಲ ಎಂದು ಕಥೋಲಿಕ ಧರ್ಮಾಧ್ಯಕ್ಷರ ಎರಡನೇ ವ್ಯಾಟಿಕನ್ ಮಹಾಸಭೆ ಸ್ಪಷ್ಟವಾಗಿ ಹೇಳಿದೆ. ದೊಡ್ಡ ಆಪರೇಷನ್‌ಗೆ ಮುಂಚೆ, ವಯಸ್ಸಾಗಿ ನಿತ್ರಾಣವಾದಾಗ, ಕಾಯಿಲೆ ಹೆಚ್ಚಾದಾಗ ಮಾಡಿಸಬಹುದು. ಕಾಯಿಲೆ ಮತ್ತಷ್ಟು ಬಿಗಡಾಯಿಸಿದರೆ ಇನ್ನೊಮ್ಮೆಯೂ ಮಾಡಿಸಬಹುದು. ಗುರುಗಳು ಹಣೆಗೆ, ಕೈಗಳಿಗೆ ಎಣ್ಣೆ ಹಚ್ಚುತ್ತಾರೆ. ಕೈಗೆ ಡ್ರಿಪ್ ಸೂಜಿ ಇದ್ದರೆ ಮೊದಲೇ ಹೇಳಿ. ಸಾವಿನ ಹತ್ತಿರ ಇರುವವರಿಗೆ ವಿಶೇಷವಾದದ್ದು ಕೊನೆಯ ಪರಮಪ್ರಸಾದ, ದಾರಿಯ ಬುತ್ತಿ. ಎರಡನ್ನೂ ಒಂದೇ ಎಂದುಕೊಳ್ಳಬೇಡಿ. ಸಭಾ ಹಿರಿಯರನ್ನು ಕರೆಸಿ, ಎಣ್ಣೆ ಹಚ್ಚಿಸಿ ಪ್ರಾರ್ಥಿಸಿ ಎಂಬ ಯಾಕೋಬನ ಮಾತು (5:14) ಪ್ರೊಟೆಸ್ಟಂಟ್ ಸಭೆಗಳವರಿಗೂ ಗೊತ್ತಿರುವುದೇ.

ಫೆಬ್ರವರಿ 11 ವಿಶ್ವ ರೋಗಿಗಳ ದಿನ. ಪೋಪ್ ಎರಡನೇ ಜಾನ್ ಪೌಲ್ 1992ರಲ್ಲಿ ಇದನ್ನು ಸ್ಥಾಪಿಸಿದರು. ನಮ್ಮಲ್ಲಿ ಆ ಹೊತ್ತಿಗೆ ಮಳೆ ಇರುವುದಿಲ್ಲ, ರಸ್ತೆ ಚೆನ್ನಾಗಿರುತ್ತದೆ. ರೋಗಿಗಳನ್ನು ಚರ್ಚಿಗೆ ಕರೆತರಲು ಅದಕ್ಕಿಂತ ಒಳ್ಳೆಯ ದಿನ ಸಿಗುವುದು ಕಷ್ಟ.

ಪ್ರಾರ್ಥನೆಗೆ ಸಮಯವೇ ಇಲ್ಲ. ದಿನವಿಡೀ ಎತ್ತುವುದು, ತೊಳೆಯುವುದು, ತಿನ್ನಿಸುವುದು.

ಆ ಕೆಲಸಗಳಿಗೇ ಪ್ರಾರ್ಥನೆಯನ್ನು ಕಟ್ಟಿಬಿಡಿ. ಹಾಸಿಗೆ ಹಿಡಿದವರ ಮಗ್ಗುಲನ್ನು ಎರಡು ತಾಸಿಗೊಮ್ಮೆ ಬದಲಿಸಬೇಕು. ಮಠಗಳಲ್ಲಿ ಗಂಟೆ ಹೊಡೆದಾಗ ಸನ್ಯಾಸಿಗಳು ಪ್ರಾರ್ಥನೆಗೆ ಏಳುತ್ತಾರೆ. ನಿಮ್ಮ ಮನೆಯ ಗಂಟೆ ಇದು. ಪ್ರತಿ ಸಲ ಒಂದೇ ವಾಕ್ಯ ಸಾಕು. ಬೆಳಿಗ್ಗೆ ಒಂದು ಕೀರ್ತನೆಯ ಸಾಲು ಆರಿಸಿ, ಅದನ್ನೇ ದಿನವಿಡೀ ಹೇಳಿ. 'ಮುಪ್ಪಿನಲ್ಲಿ ನನ್ನನ್ನು ತಳ್ಳಬೇಡ' ಎಂಬ 71ನೇ ಕೀರ್ತನೆಯ ಬೇಡಿಕೆಯನ್ನು ರೋಗಿಯ ಪರವಾಗಿ ನೀವೇ ಹೇಳಬಹುದು.

ಮಗ್ಗುಲು ಬದಲಿಸುವುದು ಹೀಗೆ. ಸೊಂಟದ ಕೆಳಗೆ ಅಡ್ಡಲಾಗಿ ಒಂದು ಮಡಿಸಿದ ಬೆಡ್‌ಶೀಟ್ ಸದಾ ಹಾಸಿರಲಿ. ತೋಳು ಹಿಡಿದು ಎಳೆಯಬೇಡಿ, ಸ್ಟ್ರೋಕ್ ಆದ ಕಡೆಯ ಭುಜ ಜಾರಿಬಿಡುತ್ತದೆ. 'ಈಗ ಎಡಗಡೆ ತಿರುಗಿಸ್ತೀನಿ ಅಪ್ಪಾ' ಎಂದು ಮೊದಲು ಹೇಳಿ. ಅವರಿಗೆ ಅರ್ಥವಾಗದು ಎನ್ನಿಸಿದರೂ ಹೇಳಿ. ಮೊಣಕಾಲು ಮಡಿಸಿ, ಆ ಶೀಟನ್ನು ಹಿಡಿದು ನಿಮ್ಮ ಕಡೆಗೆ ತಿರುಗಿಸಿ. ಪೂರ್ತಿ ಅಡ್ಡ ಮಲಗಿಸದೆ ಬೆನ್ನಿಗೆ ದಿಂಬು ಕೊಟ್ಟು ಸುಮಾರು 30 ಡಿಗ್ರಿ ಓರೆಯಾಗಿಡಿ. ಮೊಣಕಾಲುಗಳ ನಡುವೆ ಒಂದು ದಿಂಬು. ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೆ ಇನ್ನೊಂದು. ಆಮೇಲೆ ಬಾಲದ ಮೂಳೆ, ಸೊಂಟ, ಹಿಮ್ಮಡಿ, ಮೊಣಕೈ, ತಲೆಯ ಹಿಂಭಾಗ ನೋಡಿ. ಕೆಂಪಾದ ಕಡೆ ಬೆರಳಿನಿಂದ ಒತ್ತಿ ಬಿಟ್ಟಾಗ ಬೆಳ್ಳಗಾಗದಿದ್ದರೆ ಅದು ಹುಣ್ಣಿನ ಮೊದಲ ಹಂತ. ಕಪ್ಪು ಮೈಬಣ್ಣದಲ್ಲಿ ಕೆಂಪು ಕಾಣಿಸುವುದಿಲ್ಲ, ಮುಟ್ಟಿ ನೋಡಿದರೆ ಬಿಸಿಯಾಗಿ ಅಥವಾ ಗಟ್ಟಿಯಾಗಿ ಸಿಗುತ್ತದೆ. ಆ ಜಾಗವನ್ನು ತಿಕ್ಕಬೇಡಿ, ಪೌಡರ್ ಸುರಿಯಬೇಡಿ, ಗಾಳಿ ತುಂಬಿದ ರಿಂಗ್ ಇಡಬೇಡಿ. ರಿಂಗ್ ಸುತ್ತಲಿನ ರಕ್ತ ಸಂಚಾರವನ್ನೇ ತಡೆಯುತ್ತದೆ. ಆ ಭಾಗದ ಮೇಲೆ ಭಾರ ಬೀಳದಂತೆ ಮಲಗಿಸಿ. ಚರ್ಮ ಬಿರಿದರೆ ನರ್ಸಿಗೆ ತೋರಿಸಿ.

ಕೊಡಗಿನ ಮಳೆಗಾಲದಲ್ಲಿ ಇನ್ನೂ ಎರಡು ತೊಂದರೆ. ಕರೆಂಟ್ ಹೋದರೆ ಏರ್ ಬೆಡ್ (ಪಂಪಿನಿಂದ ಗಾಳಿ ತುಂಬುವ ಹಾಸಿಗೆ) ಕುಸಿದು ರೋಗಿ ಗಟ್ಟಿ ಮಂಚದ ಮೇಲೆ ಮಲಗಿದಂತಾಗುತ್ತದೆ. ಏರ್ ಬೆಡ್ ಇದೆಯೆಂದು ಮಗ್ಗುಲು ಬದಲಿಸುವುದನ್ನು ಬಿಡಬಾರದು ಎನ್ನುವುದು ಇದಕ್ಕೇ. ಆಮ್ಲಜನಕದ ಯಂತ್ರವಿದ್ದರೆ ಒಂದು ತುಂಬಿದ ಸಿಲಿಂಡರ್ ಜೂನ್‌ಗೆ ಮುಂಚೆಯೇ ಮನೆಯಲ್ಲಿರಲಿ, ಮಾತ್ರೆ ಹದಿನೈದು ದಿನಕ್ಕಾಗುವಷ್ಟು ಇರಲಿ. ಗುಡ್ಡ ಕುಸಿದರೆ ಪೇಟೆಗೆ ದಾರಿಯೇ ಇರುವುದಿಲ್ಲ, 2018ರ ಆಗಸ್ಟ್ ಅದನ್ನು ತೋರಿಸಿದೆ. ಇನ್ನೊಂದು, ಬಟ್ಟೆ ಒಣಗುವುದಿಲ್ಲ. ಕಕ್ಕಡದ (ಜುಲೈ-ಆಗಸ್ಟ್ ಹೊತ್ತಿನ ಕೊಡವ ತಿಂಗಳು) ಮಳೆಯಲ್ಲಿ ಅರೆ ಒಣಗಿದ ಶೀಟ್ ಹಾಸಿದರೆ ಚರ್ಮ ಮೆತ್ತಗಾಗಿ ಬೇಗ ಬಿರಿಯುತ್ತದೆ. ಹಳೆಯ ಹತ್ತಿ ಸೀರೆ, ಪಂಚೆಗಳನ್ನು ಕತ್ತರಿಸಿ ಹತ್ತಾರು ತುಂಡು ಮಾಡಿಟ್ಟುಕೊಳ್ಳಿ, ಒಲೆಯ ಬಳಿ ಬೇಗ ಒಣಗುತ್ತವೆ.

ಊಟ ಕೊಡುವಾಗ ನೆಟ್ಟಗೆ ಕೂರಿಸಿ, ಆದ ಮೇಲೂ ಅರ್ಧ ತಾಸು ಮಲಗಿಸಬೇಡಿ. ನುಂಗಲು ಕಷ್ಟವಿದ್ದರೆ ಉದುರುವ ಪುಟ್ಟು ಬೇಡ. ಚೆನ್ನಾಗಿ ಬೆಂದು ಒಂದೇ ಹದಕ್ಕೆ ಬಂದ ಗಂಜಿ ಕೊಡಿ, ನೀರು ಬೇರೆ ಅನ್ನ ಬೇರೆ ಆದ ಗಂಜಿ ಬೇಡ. ಒಂದು ತುತ್ತು ನುಂಗಿದ್ದು ಗಂಟಲಲ್ಲಿ ಕಾಣಿಸಿದ ಮೇಲೆ ಮುಂದಿನದು.

ಅಮ್ಮನಿಗೆ ಮರೆವಿನ ಕಾಯಿಲೆ. ದೇವರ ಹೆಸರೂ ನೆನಪಿಲ್ಲ. ಅವರ ವಿಶ್ವಾಸ ಹೋಯಿತೇ?

ವಿಶ್ವಾಸ ನಿಂತಿರುವುದು ನಾವು ದೇವರನ್ನು ನೆನಪಿಡುವುದರ ಮೇಲಲ್ಲ, ಆತನು ನಮ್ಮನ್ನು ನೆನಪಿಡುವುದರ ಮೇಲೆ. ಹೆತ್ತ ತಾಯಿ ಮರೆತರೂ ನಾನು ನಿನ್ನನ್ನು ಮರೆಯೆನು ಎಂದು ಯೆಶಾಯನ 49ನೇ ಅಧ್ಯಾಯದಲ್ಲಿ ದೇವರು ಹೇಳುತ್ತಾನೆ. ಕಥೋಲಿಕರ ಬೈಬಲ್‌ನಲ್ಲಿರುವ ಸಿರಾಖ ಗ್ರಂಥ (3:12-13) ಇನ್ನೂ ನೇರ: ತಂದೆಯ ಬುದ್ಧಿ ಮಂದವಾದರೂ ತಾಳ್ಮೆಯಿಂದಿರು, ನಿನಗೆ ಶಕ್ತಿಯಿದೆಯೆಂದು ಅವರನ್ನು ಹೀಯಾಳಿಸಬೇಡ.

ಮರೆವಿನಲ್ಲಿ ಕೊನೆಗೆ ಉಳಿಯುವುದು ಬಾಲ್ಯದಲ್ಲಿ ಕಲಿತದ್ದು. ಐವತ್ತು ವರ್ಷ ಕನ್ನಡದಲ್ಲಿ ಪ್ರಾರ್ಥಿಸಿದವರೂ ಈಗ ಹುಟ್ಟುಭಾಷೆಯ ಪ್ರಾರ್ಥನೆಗೆ ತುಟಿ ಅಲ್ಲಾಡಿಸಬಹುದು. ಕೊಂಕಣಿ, ತಮಿಳು, ಮಲಯಾಳಂ, ತುಳು ಯಾವುದಾದರೂ ಸರಿ, 'ಪರಲೋಕದಲ್ಲಿರುವ ನಮ್ಮ ತಂದೆಯೇ' ಪ್ರಾರ್ಥನೆಯನ್ನು ಆ ಭಾಷೆಯವರಿಂದ ಫೋನಿನಲ್ಲಿ ರೆಕಾರ್ಡ್ ಮಾಡಿಸಿಕೊಳ್ಳಿ. ದಿನಾ ಒಂದೇ ಹೊತ್ತಿಗೆ, ಐದು ನಿಮಿಷ ಮೀರದಂತೆ ಕೇಳಿಸಿ. ಜಪಸರವನ್ನು ಕೈಗೆ ಕೊಟ್ಟುಬಿಡಿ, ಬೆರಳಿಗೆ ಮಣಿ ನೆನಪಿರುತ್ತದೆ. 'ಇದು ಯಾರು ಹೇಳಿ ನೋಡೋಣ' ಎಂದು ಪರೀಕ್ಷೆ ಮಾಡಬೇಡಿ. ಸಂಜೆ ಹೊತ್ತಿಗೆ ಗಲಿಬಿಲಿ ಹೆಚ್ಚು, ಕತ್ತಲಾಗುವ ಮುಂಚೆಯೇ ದೀಪ ಹಾಕಿ. ತೋಟದ ಮನೆಯಾದರೆ ಬಾವಿ, ಕೆರೆಯ ಕಡೆಯ ದಾರಿಗೆ ಬೇಲಿ ಹಾಕಿಸಿ.

ಎಷ್ಟು ಪ್ರಾರ್ಥಿಸಿದರೂ ಗುಣವಾಗಲಿಲ್ಲ. 'ನಿಮ್ಮ ವಿಶ್ವಾಸ ಸಾಲದು, ಮಾತ್ರೆ ನಿಲ್ಲಿಸಿ' ಎನ್ನುತ್ತಾರೆ ಕೆಲವರು.

ಆ ಮಾತನ್ನು ಕೇಳಬೇಡಿ. ಪೌಲನು ಮೂರು ಸಲ ಬೇಡಿಕೊಂಡರೂ ಅವನ ಶರೀರದ ಮುಳ್ಳು ಹೋಗಲಿಲ್ಲ, ನನ್ನ ಕೃಪೆಯೇ ನಿನಗೆ ಸಾಕು ಎಂಬ ಉತ್ತರ ಬಂತು. ಅದೇ ಪೌಲನು ಕಾಯಿಲೆಬಿದ್ದ ತ್ರೊಫಿಮನನ್ನು ಮಿಲೇತದಲ್ಲಿ ಬಿಟ್ಟುಬರಬೇಕಾಯಿತು (2 ತಿಮೊಥೆಯ 4:20). ಪೌಲನ ವಿಶ್ವಾಸ ಸಾಲದಾಗಿತ್ತೇ? ಹುಟ್ಟುಕುರುಡನನ್ನು ಕಂಡು ಇದು ಯಾರ ಪಾಪ ಎಂದು ಶಿಷ್ಯರು ಕೇಳಿದಾಗ ಇವನದೂ ಅಲ್ಲ, ಇವನ ತಂದೆತಾಯಿಗಳದೂ ಅಲ್ಲ ಎಂದರು ಯೇಸು.

ಫಿಟ್ಸಿನ ಮಾತ್ರೆ ಥಟ್ಟನೆ ನಿಲ್ಲಿಸಿದರೆ ಬಿಡದೆ ಫಿಟ್ಸ್ ಬರಬಹುದು. ಬಿ.ಪಿ. ಮಾತ್ರೆ ನಿಲ್ಲಿಸಿದರೆ ಸ್ಟ್ರೋಕ್ ಆಗಬಹುದು. ಇನ್ಸುಲಿನ್ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ. ಪ್ರಾರ್ಥನೆಯ ಜೊತೆ ಮಾತ್ರೆ ಇರಲಿ.

ನೋವನ್ನು ಸಹಿಸಿ ದೇವರಿಗೆ ಒಪ್ಪಿಸಬೇಕಲ್ಲವೇ? ಮಾರ್ಫಿನ್ ಕೊಡಬಹುದೇ?

ಕೊಡಬಹುದು. ನೋವು ತಗ್ಗಿಸುವ ಔಷಧಿ ತಪ್ಪಲ್ಲ ಎಂದು ಪೋಪ್ 12ನೇ ಪಿಯುಸ್ 1957ರಲ್ಲೇ ಹೇಳಿದ್ದಾರೆ. ಉಪಶಾಮಕ ಆರೈಕೆಯನ್ನು (ಗಂಭೀರ ಕಾಯಿಲೆಯಲ್ಲಿ ನೋವು, ಸಂಕಟ ತಗ್ಗಿಸುವ ಆರೈಕೆಯನ್ನು) ಧರ್ಮಸಭೆ ನಿಸ್ವಾರ್ಥ ಪ್ರೀತಿಯ ವಿಶೇಷ ರೂಪ ಎಂದೇ ಕರೆಯುತ್ತದೆ. ತನ್ನ ನೋವನ್ನು ಅರ್ಪಿಸುವುದು ರೋಗಿಯ ಸ್ವಂತ ನಿರ್ಧಾರ, ಪಕ್ಕದಲ್ಲಿ ಕೂತವರು ಅವರ ಪರವಾಗಿ ನಿರ್ಧರಿಸುವಂತಿಲ್ಲ. ಮಾರ್ಫಿನ್ ಶುರುವಾದರೆ ಮಲಬದ್ಧತೆ ಬಂದೇ ಬರುತ್ತದೆ. ಜೊತೆಗೇ ಮಲ ಸಡಿಲವಾಗಿಸುವ ಔಷಧಿ ಬರೆಸಿಕೊಳ್ಳಿ. ನೋವು ಬಂದ ಮೇಲೆ ಕೊಡುವುದಲ್ಲ, ಡಾಕ್ಟರು ಹೇಳಿದ ಹೊತ್ತಿಗೆ ಸರಿಯಾಗಿ ಕೊಡಿ.

ಫಲ ಕಾಣದ, ಹಿಂಸೆಯೇ ಹೆಚ್ಚಾದ ಚಿಕಿತ್ಸೆಯನ್ನು ಬೇಡವೆನ್ನುವುದೂ ಕೊಲ್ಲುವುದೂ ಒಂದಲ್ಲ. ಸಾಧಾರಣ ಆರೈಕೆ ಮಾತ್ರ ಕೊನೆಯವರೆಗೂ ನಿಲ್ಲಬಾರದು: ಶುಚಿ, ಬಾಯಿ ಒದ್ದೆ ಮಾಡುವುದು, ಮಗ್ಗುಲು, ಜೊತೆ.

ಅಣ್ಣ ಗಲ್ಫಿನಲ್ಲಿ, ತಮ್ಮ ಬೆಂಗಳೂರಿನಲ್ಲಿ. 'ಪ್ರಾರ್ಥಿಸುತ್ತಿದ್ದೇವೆ' ಎಂದು ಫೋನ್ ಮಾಡುತ್ತಾರೆ. ಕೆಲಸವೆಲ್ಲ ನನ್ನದೇ.

ತಂದೆತಾಯಿಗೆ ಕೊಡಬೇಕಾದದ್ದನ್ನು 'ಕೊರ್ಬಾನ್, ದೇವರಿಗೆ ಮೀಸಲು' ಎಂದು ಹೇಳಿ ತಪ್ಪಿಸಿಕೊಳ್ಳುತ್ತಿದ್ದವರನ್ನು ಯೇಸು ಖಾರವಾಗಿಯೇ ಬೈದರು (ಮಾರ್ಕ 7). ಭಕ್ತಿಯ ಮಾತು ಹೊಣೆಗೆ ಬದಲಿಯಲ್ಲ. ಗಲಾತ್ಯದವರಿಗೆ ಬರೆದ ಪತ್ರದ 6ನೇ ಅಧ್ಯಾಯದಲ್ಲಿ ಒಬ್ಬರ ಭಾರವನ್ನೊಬ್ಬರು ಹೊತ್ತುಕೊಳ್ಳಿ ಎಂದೂ ಇದೆ, ಪ್ರತಿಯೊಬ್ಬನು ತನ್ನ ಹೊರೆ ತಾನೇ ಹೊರಬೇಕು ಎಂದೂ ಇದೆ. ಗ್ರೀಕ್ ಮೂಲದಲ್ಲಿ ಎರಡೂ ಬೇರೆ ಪದ. ಮೊದಲನೆಯದು ಒಬ್ಬನ ಕೈಲಾಗದ ಭಾರ, ಎರಡನೆಯದು ಅವರವರ ಹೆಗಲ ಚೀಲ. ಹಾಸಿಗೆ ಹಿಡಿದ ಅಪ್ಪ ಮೊದಲನೆಯ ಬಗೆ.

'ಸಹಾಯ ಮಾಡಿ' ಎಂದು ಹೇಳಿದರೆ ಯಾರೂ ಅಲ್ಲಾಡುವುದಿಲ್ಲ. ಲೆಕ್ಕ ಇಟ್ಟು ಕೇಳಿ. ಒಂದು ತಿಂಗಳ ಡೈಪರ್, ಮಾತ್ರೆ, ಗಾಡಿ ಬಾಡಿಗೆ ಬರೆದು ಕಳಿಸಿ. ದೂರ ಇರುವವರು ಹಣ ಕೊಡಲಿ, ಮಾತ್ರೆ ತರಿಸಲಿ, ಡಾಕ್ಟರ ಅಪಾಯಿಂಟ್‌ಮೆಂಟ್ ನೋಡಿಕೊಳ್ಳಲಿ, ವರ್ಷಕ್ಕೆ ಎರಡು ವಾರ ಬಂದು ಪೂರ್ತಿ ಕೈಗೆತ್ತಿಕೊಳ್ಳಲಿ. ಆ ಎರಡು ವಾರ ನೀವು ಮನೆಯಲ್ಲಿರಬೇಡಿ, ಇದ್ದರೆ ಅವರು ನಿಮ್ಮನ್ನೇ ಕರೆಯುತ್ತಾರೆ. ಯಾರೂ ಒಪ್ಪದೆ ಹಿರಿಯರು ದಿಕ್ಕಿಲ್ಲದಾದರೆ 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯಡಿ ಜೀವನಾಂಶ ಕೇಳಬಹುದು. ಹಿರಿಯರ ಸಹಾಯವಾಣಿ 14567.

ಹೋಂ ನರ್ಸ್ ಇಡುವುದು, ವೃದ್ಧಾಶ್ರಮಕ್ಕೆ ಸೇರಿಸುವುದು ಪಾಪವೇ?

ಛತ್ರದವನನ್ನು ನೆನಪಿಸಿಕೊಳ್ಳಿ. ಪಾಪವಲ್ಲ, ಹಿಂದಿರುಗಿ ಬರುವ ಮಾತನ್ನು ಉಳಿಸಿಕೊಂಡರೆ. ಮೊದಲ ತಿಂಗಳು ಹೆಚ್ಚು ಸಲ ಹೋಗಿ, ಬೇರೆ ಬೇರೆ ಹೊತ್ತಿನಲ್ಲಿ ಹೋಗಿ, ಬೆನ್ನು ಮತ್ತು ಹಿಮ್ಮಡಿ ನೋಡಿ.

ಮನೆಗೆ ಬರುವ ಹೋಂ ನರ್ಸ್ ಯಾರದೋ ಮಗಳು. ಆಕೆಗೆ ಮಲಗಲು ಜಾಗ, ಹೊತ್ತಿಗೆ ಊಟ, ವಾರಕ್ಕೊಂದು ರಜೆ, ತಡವಾಗದ ಸಂಬಳ ಕೊಡಿ. ಕೂಲಿಯವರಿಗೆ ಕೊಡದೆ ಉಳಿಸಿಕೊಂಡ ಸಂಬಳ ಕೂಗಿಕೊಳ್ಳುತ್ತದೆ ಎನ್ನುತ್ತಾನೆ ಯಾಕೋಬ (5:4). ತಾಯಿಗೆ ಪ್ರೀತಿ ತೋರಿಸುತ್ತಾ ಅವರನ್ನು ತೊಳೆಯುವವಳನ್ನು ದಣಿಸುವುದು ಸರಿಯಲ್ಲ.

ಅಪ್ಪನೇ ಮುಟ್ಟಲು ಬಿಡುವುದಿಲ್ಲ. 'ನಿಮಗೆ ಹೊರೆಯಾದೆ' ಎನ್ನುತ್ತಾರೆ.

ಪೇತ್ರನೂ ಯೇಸುವಿಗೆ 'ನನ್ನ ಕಾಲು ತೊಳೆಯಬೇಡಿ' ಎಂದಿದ್ದ. ತೊಳೆಸಿಕೊಳ್ಳುವುದು ತೊಳೆಯುವುದಕ್ಕಿಂತ ಕಷ್ಟ. ಅವರ ಕೈಗೆ ಒದ್ದೆ ಬಟ್ಟೆ ಕೊಟ್ಟು ಮುಖ ಅವರೇ ಒರೆಸಿಕೊಳ್ಳಲಿ. ಬಾಗಿಲು ಹಾಕಿ, ಹೊದಿಕೆಯನ್ನು ಪೂರ್ತಿ ಸರಿಸದೆ ಒಂದೊಂದೇ ಭಾಗ ತೊಳೆಯಿರಿ. ಮನೆಯವರಿಗಾಗಿ ಪ್ರಾರ್ಥಿಸುವ ಹೊಣೆಯನ್ನು ಅವರಿಗೆ ಕೊಡಿ, ಮೊಮ್ಮಗನ ಪರೀಕ್ಷೆ, ಮೆಣಸಿನ ಬೆಲೆ ಏನಾದರೂ ಸರಿ. ಸಂತ ಬೆನೆಡಿಕ್ಟರು ಸನ್ಯಾಸಿಗಳಿಗಾಗಿ ಬರೆದ ನಿಯಮದ 36ನೇ ಅಧ್ಯಾಯ ರೋಗಿಯನ್ನು ಕ್ರಿಸ್ತನಂತೆ ಸೇವಿಸಿ ಎನ್ನುತ್ತದೆ. ಅತಿಯಾದ ಬೇಡಿಕೆಗಳಿಂದ ಸೇವೆ ಮಾಡುವವರನ್ನು ನೋಯಿಸಬೇಡಿ ಎಂದು ರೋಗಿಗಳಿಗೂ ಹೇಳುತ್ತದೆ.

ನಮ್ಮ ಧರ್ಮಕೇಂದ್ರದವರು, ಸಭೆಯವರು ಏನು ಮಾಡಬಹುದು?

ಪಾರ್ಶ್ವವಾಯು ರೋಗಿಯನ್ನು ಯೇಸುವಿನ ಬಳಿ ತಂದವರು ನಾಲ್ವರು (ಮಾರ್ಕ 2). ಒಂದು ಮನೆಗೆ ನಾಲ್ವರು ಸಾಕು. ವಾರಕ್ಕೆ ಒಬ್ಬೊಬ್ಬರು ಎರಡು ತಾಸು ಕೊಟ್ಟರೆ ನೋಡಿಕೊಳ್ಳುವವರಿಗೆ ಎಂಟು ತಾಸು ಬಿಡುವು. ಡಿಸೆಂಬರ್‌ನಿಂದ ಕಾಫಿ ಕೊಯ್ಲು ಶುರುವಾದಾಗ ಲೈನ್ ಮನೆಗಳಲ್ಲಿ ಇದು ಹೆಚ್ಚು ಬೇಕು. ಕೂಲಿ ಬಿಟ್ಟರೆ ಮನೆ ನಡೆಯುವುದಿಲ್ಲ, ಹೋದರೆ ರೋಗಿಯೊಬ್ಬರೇ. ಆ ಮೂರು ತಿಂಗಳ ಪಟ್ಟಿಯನ್ನು ನವೆಂಬರ್‌ನಲ್ಲೇ ಮಾಡಿ.

ನೋಡಲು ಹೋಗುವವರಿಗೆ: ಫೋನ್ ಮಾಡಿ ಹೋಗಿ. ಇಪ್ಪತ್ತು ನಿಮಿಷ ಸಾಕು. ಮಂಚದ ಮೇಲೆ ಕೂರಬೇಡಿ. ನೆಗಡಿಯಿದ್ದರೆ ಹೋಗಬೇಡಿ. 'ದೇವರ ಚಿತ್ತ' ಎಂದು ವಿವರಿಸಲು ಹೋಗಬೇಡಿ. ಯೋಬನ ಗೆಳೆಯರು ಏಳು ದಿನ ಸುಮ್ಮನೆ ಕೂತಾಗ ಚೆನ್ನಾಗಿಯೇ ಇದ್ದರು, ಬಾಯಿ ತೆರೆದ ಮೇಲೆ ಕೆಡಿಸಿದರು. ಹೊರಡುವ ಮುಂಚೆ ಒಂದು ಬಕೆಟ್ ಬಟ್ಟೆ ಒಗೆದುಕೊಡಿ.

ವಾಕರ್, ಗಾಲಿಕುರ್ಚಿ, ಕಮೋಡ್ ಕುರ್ಚಿ, ಏರ್ ಬೆಡ್‌ಗಳನ್ನು ಒಂದು ಮನೆಯಿಂದ ಇನ್ನೊಂದಕ್ಕೆ ಕೊಡುವ ವ್ಯವಸ್ಥೆ ಇರಲಿ. ಹೆಸರು, ದಿನಾಂಕ ಬರೆಯುವ ಒಂದು ಪುಸ್ತಕ ಸಾಕು.

ಪಕ್ಕದ ಮನೆಯವರು ಬೇರೆ ಧರ್ಮದವರು. ಅವರ ಆರೈಕೆಗೂ ಹೋಗಬಹುದೇ?

ಹೋಗಬೇಕು. ಟಿಪ್ಪುವಿನ ಕಾಲದಲ್ಲಿ ಓಡಿಬಂದ ಕಥೋಲಿಕರಿಗೆ ನೆಲೆ ಕೊಟ್ಟವರು ಹಾಲೇರಿಯ ಅರಸ ದೊಡ್ಡ ವೀರರಾಜೇಂದ್ರರು. ವಿರಾಜಪೇಟೆಯ ಸಂತ ಅನ್ನಮ್ಮನವರ ಚರ್ಚ್ 1792ರಲ್ಲಿ ಶುರುವಾದದ್ದು ಹಾಗೆ. ನಾವು ಪರದೇಶಿಗಳಾಗಿದ್ದಾಗ ಈ ನಾಡು ಸೇರಿಸಿಕೊಂಡಿತು. ಸಮಾರ್ಯದವನೂ ಗಾಯಾಳುವಿನ ಧರ್ಮ ಕೇಳಲಿಲ್ಲ. ಹೋದಾಗ ಮೈ ಒರೆಸಿ, ಗಂಜಿ ಕುಡಿಸಿ, ಅವರ ಮನೆಯ ಪದ್ಧತಿಯಂತೆ ನಡೆದುಕೊಳ್ಳಿ. ಪ್ರಾರ್ಥಿಸಿ ಎಂದು ಅವರೇ ಕೇಳಿದರೆ ಮಾತ್ರ ಪ್ರಾರ್ಥಿಸಿ. ಕೈಲಾಗದೆ ಮಲಗಿದವರ ಮುಂದೆ ಬೋಧನೆ ಬೇಡ.

ಅವರು ತೀರಿಕೊಂಡರು. ಈಗ ರಾತ್ರಿ ಎರಡು ಗಂಟೆಗೆ ಎಚ್ಚರವಾಗುತ್ತದೆ, ಮಾಡಲು ಏನೂ ಇಲ್ಲ. ಜೊತೆಗೆ ಹಗುರವೂ ಅನ್ನಿಸುತ್ತದೆ, ಅದಕ್ಕೆ ನಾಚಿಕೆ.

ಹಗುರ ಅನ್ನಿಸುವುದೂ ದುಃಖವೂ ಒಟ್ಟಿಗೇ ಇರುತ್ತವೆ. ಎರಡಕ್ಕೂ ನಾಚಬೇಕಿಲ್ಲ. ವರ್ಷಗಟ್ಟಲೆ ಎರಡು ತಾಸಿಗೊಮ್ಮೆ ಎದ್ದ ಮೈ ಕೆಲವು ತಿಂಗಳು ಹಾಗೆಯೇ ಏಳುತ್ತದೆ. ಎಚ್ಚರವಾದಾಗ ಮಗ್ಗುಲು ಬದಲಿಸುವಾಗ ಹೇಳುತ್ತಿದ್ದ ಅದೇ ಸಾಲನ್ನು ಹೇಳಿ, ಈ ಸಲ ನಿಮಗಾಗಿ. ಮೊದಲ ವಾರ ಏನನ್ನೂ ಎಸೆಯಬೇಡಿ. ಏಳನೇ ದಿನದ, ತಿಂಗಳ ಪೂಜೆಯ ಆಮೇಲೆ ಒಬ್ಬರನ್ನು ಜೊತೆಗೆ ಕರೆದುಕೊಂಡು ಕೋಣೆ ತೆಗೆಯಿರಿ. ಉಳಿದ ಮಾರ್ಫಿನ್ ಮಾತ್ರೆಗಳನ್ನು ಎಣಿಸಿ ಕೊಟ್ಟ ಆಸ್ಪತ್ರೆಗೇ ಹಿಂದಿರುಗಿಸಿ. ಏರ್ ಬೆಡ್ಡನ್ನು ಸೋಪಿನ ನೀರಿನಲ್ಲಿ ಒರೆಸಿ, ನೆರಳಿನಲ್ಲಿ ಒಣಗಿಸಿ, ಗಾಳಿ ನಿಲ್ಲುತ್ತದೆಯೇ ಎಂದು ಒಂದು ರಾತ್ರಿ ಊದಿಟ್ಟು ನೋಡಿ, ಮುಂದಿನ ಮನೆಗೆ ಕೊಡಿ. ಕೊಡುವಾಗ ಗೋಡೆಗೆ ಅಂಟಿಸುತ್ತಿದ್ದಂಥ ಹಾಳೆಯ ಒಂದು ಖಾಲಿ ಪ್ರತಿಯನ್ನೂ ಅದರ ಜೊತೆ ಇಡಿ.